ಹೊಸ ಗುಮಾಸ್ತರನ್ನು ಪಳಗಿಸುವ ಕೈಪಿಡಿ

ಸುತ್ತೋಲೆ ಬರುವುದು ಸಂಜೆ ನಾಲ್ಕೂವರೆಗೆ. "ತಮ್ಮ ಕಚೇರಿಗೆ ಹೊಸದಾಗಿ ನೇಮಕಗೊಂಡು ವರದಿ ಮಾಡಿಕೊಂಡಿರುವ ದ್ವಿತೀಯ ದರ್ಜೆ ಸಹಾಯಕರುಗಳಿಗೆ ತರಬೇತಿ ಯೋಜನೆ ಸಿದ್ಧಪಡಿಸಿ, ಅನುಬಂಧ-1ರ ನಮೂನೆಯಲ್ಲಿ ಇಂದು ಸಂಜೆ 5.00 ಗಂಟೆಯೊಳಗಾಗಿ ತಪ್ಪದೇ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿಸಲಾಗುವುದು." ಅನುಬಂಧ-1 ಲಗತ್ತಿಸಿರುವುದಿಲ್ಲ.

ಇಂಥ ಅರ್ಧ ಗಂಟೆಗಳಿಗಾಗಿಯೇ ಈ ಕೈಪಿಡಿ. ಕರ್ನಾಟಕದ ಯಾವುದೇ ತಾಲ್ಲೂಕಿನ, ಯಾವುದೇ ಇಲಾಖೆಯ ಅಧೀಕ್ಷಕರು, ಶಿರಸ್ತೇದಾರರು, ಮ್ಯಾನೇಜರುಗಳು ಇದನ್ನು ಬಳಸಬಹುದು. ಮಿಕ್ಸಿ, ಗೀಸರುಗಳ ಡಬ್ಬಿಯಲ್ಲಿ ಬರುವ ಪುಸ್ತಕದ ಹಾಗೆ ಇದನ್ನೂ ಓದದೆ ಬೀರುವಿನಲ್ಲಿಡುವ ಹಕ್ಕು ತಮಗಿದೆ. ವ್ಯತ್ಯಾಸ ಇಷ್ಟೇ: ಮಿಕ್ಸಿ ಕೆಟ್ಟರೆ ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆ. ಗುಮಾಸ್ತರನ್ನು ಕೆಪಿಎಸ್‌ಸಿ ವಾಪಸ್ ತೆಗೆದುಕೊಳ್ಳುವುದಿಲ್ಲ. ನಾವು ಕೆಡಿಸಿದವರು ಅರವತ್ತು ತುಂಬುವ ತನಕ ನಮ್ಮ ನಡುವೆಯೇ ಇರುತ್ತಾರೆ.

ಬೇಕಾಗುವ ಸಾಮಗ್ರಿ

ಹೊಸ ನೌಕರರು: ಒಬ್ಬರು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ವರ್ಷಗಟ್ಟಲೆ ಕೋಚಿಂಗ್ ಮುಗಿಸಿ, ಪಿ.ಜಿ. ರೂಮಿನ ಗೋಡೆಗೆಲ್ಲ ಚೀಟಿ ಅಂಟಿಸಿ ಓದಿ ಬಂದವರು. ಕದಂಬರ ರಾಜಧಾನಿ, ಸಂವಿಧಾನದ ತಿದ್ದುಪಡಿಗಳು, ತುಂಗಭದ್ರಾ ಅಣೆಕಟ್ಟೆಯ ಗೇಟುಗಳ ಲೆಕ್ಕ ಎಲ್ಲವೂ ಬಾಯಿಪಾಠ. ಟಪಾಲು ಎಂದರೇನು ಎಂದು ಮಾತ್ರ ಅವರನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳಿಲ್ಲ.

ಕುರ್ಚಿ: ಒಂದು. ನಾಲ್ಕೂ ಕಾಲು ಇರುವಂಥದ್ದು ಸಿಕ್ಕರೆ ಉತ್ತಮ.

ಬೀರು: ಒಂದು. ಅದರ ಕೀಲಿ ವರ್ಗವಾಗಿ ಹೋದವರ ಜೇಬಿನಲ್ಲಿರುತ್ತದೆ. ಜೇಬು ಪಕ್ಕದ ಜಿಲ್ಲೆಯಲ್ಲಿರುತ್ತದೆ.

ಕಂಪ್ಯೂಟರ್: ಮೂವರಿಗೆ ಒಂದು. ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿರುತ್ತಾರೆ, ಭದ್ರತೆಯ ದೃಷ್ಟಿಯಿಂದ.

ದಬ್ಬಳ, ಟ್ಯಾಗು, ಗೋಂದು, ಫೈಲು ಕಟ್ಟುವ ದಾರ: ಸಾಕಷ್ಟು. ಇ-ಆಫೀಸ್ ಬಂದಿದೆ, ಇವೆಲ್ಲ ಯಾಕೆ ಎಂದು ಕೇಳಬೇಡಿ. ಇ-ಆಫೀಸಿನಲ್ಲಿ ಕಳಿಸಿದ್ದರ ಪ್ರಿಂಟ್ ತೆಗೆದು ಇವುಗಳಿಂದಲೇ ಕಟ್ಟಿಡಬೇಕು.

ಅನುಭವಿ ಸಿಬ್ಬಂದಿ: ಒಬ್ಬರು. ಇವರಿಗೆ ಎಲ್ಲ ಗೊತ್ತಿರುತ್ತದೆ. ತಮಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೂ ಗೊತ್ತಿರುತ್ತದೆ. ಇವರು ಸಿಗದಿದ್ದರೆ ಅಟೆಂಡರ್ ಸಾಕು. ಯಾಕೆಂಬುದು ಮುಂದೆ ತಿಳಿಯುತ್ತದೆ.

ಹಂತ 1: ಮೊದಲ ದಿನ

ಹೊಸಬರು ಹತ್ತು ಗಂಟೆಯ ಕಚೇರಿಗೆ ಒಂಬತ್ತೂಕಾಲಿಗೇ ಬಂದಿರುತ್ತಾರೆ. ಜತೆಗೆ ಅಪ್ಪ, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಅಪ್ಪನನ್ನು ಹೊರಗಿನ ಬೆಂಚಿನಲ್ಲಿ, ಡಬ್ಬಿಯನ್ನು ಒಳಗೆ ಕೂರಿಸಿ. ಆಮೇಲೆ ಕರ್ತವ್ಯಕ್ಕೆ ಹಾಜರಾದ ವರದಿ ಬರೆಸಿ. ಸರ್ಕಾರಿ ಸೇವೆಯ ಮೊದಲ ಪಾಠ ಇಲ್ಲೇ ಇದೆ. ವರದಿಯಲ್ಲಿ "ಪೂರ್ವಾಹ್ನ" ಎಂದಿದ್ದರೆ ಆ ದಿನದಿಂದಲೇ ಸಂಬಳ, "ಅಪರಾಹ್ನ" ಎಂದಿದ್ದರೆ ಮಾರನೇ ದಿನದಿಂದ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮಧ್ಯಾಹ್ನ ನೋಡೋಣ ಎಂದು ಯಾರಾದರೂ ಅಂದರೆ ಬೆಳಗಿನಿಂದ ಬೆಂಚಿನ ಮೇಲೆ ಕೂತ ಮನುಷ್ಯ ಕಾಗದದ ಮೇಲೆ ಅಪರಾಹ್ನಕ್ಕೆ ಬಂದವನಾಗುತ್ತಾನೆ.

ನಂತರ ಹಾಜರಾತಿ ವಹಿ ತೋರಿಸಿ. ಅದರ ಪಕ್ಕದಲ್ಲಿ ನಗದು ಘೋಷಣೆಯ ವಹಿ ತೋರಿಸಿ: ಕಚೇರಿಗೆ ಬಂದ ಕೂಡಲೇ ಜೇಬಿನಲ್ಲಿ ಎಷ್ಟು ದುಡ್ಡಿದೆ ಎಂದು ಬರೆಯಬೇಕು. ಹೊಸಬರು ಪರ್ಸು ತೆಗೆದು ಚಿಲ್ಲರೆಯನ್ನೂ ಎಣಿಸುತ್ತಾರೆ. ನಗಬೇಡಿ. ಇಡೀ ವಹಿಯಲ್ಲಿ ಎಣಿಸಿ ಬರೆದ ಅಂಕಿ ಅದೊಂದೇ ಇರಬಹುದು.

ಇಷ್ಟಾದ ಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ಆಗ ರೂಢಿಯಂತೆ "ಇವತ್ತು ಸುಮ್ಮನೆ ನೋಡ್ತಾ ಇರಿ" ಎನ್ನಿ. ನಾನು ಸೇವೆಗೆ ಸೇರಿದಾಗ ಹೀಗೆ ಮೂರು ದಿನ ನೋಡಿದ್ದೆ. ಮೊದಲ ದಿನ ಫ್ಯಾನು ನೋಡಿದೆ, ಎರಡನೇ ದಿನ ಕ್ಯಾಲೆಂಡರು ನೋಡಿದೆ, ಮೂರನೇ ದಿನ ಜನ ನನ್ನನ್ನು ನೋಡತೊಡಗಿದರು. ನಾಲ್ಕನೇ ದಿನ ಅಟೆಂಡರ್ ಒಂದು ಸ್ಟೂಲು ತಂದಿಟ್ಟು, "ಬನ್ನಿ ಸಾರ್, ಫೈಲು ಕಟ್ಟೋದು ಹೇಳಿಕೊಡ್ತೀನಿ" ಅಂದ. ಟಿಪ್ಪಣಿ ಭಾಗ ಬೇರೆ, ಪತ್ರ ವ್ಯವಹಾರದ ಭಾಗ ಬೇರೆ. ಪುಟಕ್ಕೆ ನಂಬರು ಹಾಕಬೇಕು, ಟಿಪ್ಪಣಿಯ ಪ್ರತಿ ಕಂಡಿಕೆಗೂ ನಂಬರು ಹಾಕಬೇಕು. ದಬ್ಬಳ ಚುಚ್ಚುವಾಗ ಅಕ್ಷರದ ಮೇಲೆ ಚುಚ್ಚಬಾರದು, ಯಾಕೆಂದರೆ ಮುಂದೆ ಕೋರ್ಟಿನಲ್ಲಿ ಆ ಒಂದು ಅಕ್ಷರವೇ ಬೇಕಾಗುತ್ತದೆ. ಏಳನೇ ತರಗತಿ ಓದಿದ್ದ ಮನುಷ್ಯ ಅರ್ಧ ಗಂಟೆಯಲ್ಲಿ ಹೇಳಿಕೊಟ್ಟ ಇಷ್ಟನ್ನು ನನಗೆ ಆ ಮೇಲೆ ಯಾವ ತರಬೇತಿಯೂ ಹೇಳಿಕೊಡಲಿಲ್ಲ.

ಎಚ್ಚರಿಕೆ: ಇತರ ಸೇವೆಗಳೊಂದಿಗೆ ಹೋಲಿಸಬೇಡಿ, ಎದೆಯುರಿ ಬರಬಹುದು. ಐಎಎಸ್ ಪಾಸಾದವರಿಗೆ ಮಸ್ಸೂರಿಯಲ್ಲಿ 1959ರಿಂದ ಅಕಾಡೆಮಿ ಇದೆ. ಪಾಠ, ಚಾರಣ, ದೇಶ ಸುತ್ತುವ ಭಾರತ ದರ್ಶನ, ಆಮೇಲೆ ಜಿಲ್ಲೆಯೊಂದರಲ್ಲಿ ಸುಮಾರು ಒಂದು ವರ್ಷ ಕೆಲಸ ಕಲಿಯುವ ಅವಕಾಶ. ಅದು ಹೋಗಲಿ, ದುಬಾರೆ, ಸಕ್ರೆಬೈಲಿನ ಶಿಬಿರಗಳನ್ನೇ ನೋಡಿ. ಕಾಡಿನಿಂದ ಹಿಡಿದು ತಂದ ಆನೆಯನ್ನು ಮರದ ದಿಮ್ಮಿಗಳ ಕ್ರಾಲ್‌ನಲ್ಲಿಟ್ಟು ಪಳಗಿಸುತ್ತಾರೆ. ಅದಕ್ಕೆಂದೇ ಒಬ್ಬ ಮಾವುತ, ಒಬ್ಬ ಕಾವಾಡಿ. ಬೆಲ್ಲ ಕೊಟ್ಟು, ಮೈ ತಿಕ್ಕಿ, ಮಾತಾಡಿಸಿ, ಒಂದೊಂದೇ ಶಬ್ದ ಕಲಿಸುತ್ತಾರೆ. ಸರ್ಕಾರ ಹೊಸ ಆನೆಗೆ ಇಬ್ಬರನ್ನು ಕೊಡುತ್ತದೆ. ಹೊಸ ಗುಮಾಸ್ತರಿಗೆ ಕ್ರಾಲ್ ಮಾತ್ರ ಕೊಡುತ್ತದೆ.

ಹಂತ 2: ಮೊದಲ ವಾರ, ಭಾಷೆ

1963ರ ರಾಜಭಾಷಾ ಕಾಯ್ದೆಯ ಪ್ರಕಾರ ನಮ್ಮ ಆಡಳಿತ ಭಾಷೆ ಕನ್ನಡ. ಹೊಸಬರಿಗೂ ಕನ್ನಡ ಬರುತ್ತದೆ. ತೊಂದರೆ ಶುರುವಾಗುವುದು ಇಲ್ಲೇ, ಏಕೆಂದರೆ ಎರಡೂ ಬೇರೆ ಬೇರೆ ಕನ್ನಡ. ಆದ್ದರಿಂದ ಕೆಳಗಿನ ಪದಕೋಶವನ್ನು ಮೊದಲ ವಾರವೇ ಕೊಡಿ.

ಪರಿಶೀಲನೆಯಲ್ಲಿದೆ: ಫೈಲು ಹುಡುಕುತ್ತಿದ್ದೇವೆ.

ಚರ್ಚಿಸಿ: ಓದಲು ಪುರುಸೊತ್ತಾಗಿಲ್ಲ.

ನಿಯಮಾನುಸಾರ ಕ್ರಮ ವಹಿಸಿ: ಏನಾದರೂ ಮಾಡಿ, ನನ್ನ ಹೆಸರು ಬರಬಾರದು.

ಸೂಕ್ತ ಆದೇಶಕ್ಕಾಗಿ ಮಂಡಿಸಿದೆ: ನನಗೂ ಗೊತ್ತಿಲ್ಲ.

ಮೇಲಧಿಕಾರಿಗಳ ಸ್ಪಷ್ಟೀಕರಣ ಕೋರಬಹುದು: ಈ ವರ್ಷ ಮುಗಿಯುವುದಿಲ್ಲ.

ತುರ್ತು: ನಿನ್ನೆ ಕಳಿಸಬೇಕಿತ್ತು. ಅತಿ ತುರ್ತು: ಹೋದ ತಿಂಗಳೇ ಕಳಿಸಬೇಕಿತ್ತು. ನೆನಪೋಲೆ-3: ಕಳಿಸುವುದಿಲ್ಲವೆಂದು ಅವರಿಗೂ ಗೊತ್ತಾಗಿದೆ.

ಇನ್ನು ಟಿಪ್ಪಣಿ ಬರೆಯುವ ಕಲೆ. ರೂಢಿಯ ವಿಧಾನ ಅಡ್ಡಗೋಡೆಯ ಮೇಲೆ ದೀಪ ಇಡುವುದು: ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ದೀಪ ಇಟ್ಟವರು ಮಾತ್ರ ಕತ್ತಲಲ್ಲಿ ಕ್ಷೇಮ. "ಕೋರಿಕೆಯನ್ನು ಪರಿಗಣಿಸಬಹುದಾಗಿದೆ ಅಥವಾ ತಿರಸ್ಕರಿಸಬಹುದಾಗಿದೆ" ಎಂದು ಮುಗಿಸಿದ ಟಿಪ್ಪಣಿಗಳ ಮೇಲೆ ನಾನೇ ಎಷ್ಟೋ ಸಲ ಸಹಿ ಹಾಕಿದ್ದೇನೆ. ನಿಜವಾಗಿ ಕಲಿಸಬೇಕಾದ್ದು ಐದೇ ಸಾಲು. ಏನು ಬಂದಿದೆ, ದಾಖಲೆ ಏನು ಹೇಳುತ್ತದೆ, ನಿಯಮ ಏನು ಹೇಳುತ್ತದೆ, ಹಿಂದೆ ಇಂಥದೇ ಬಂದಾಗ ಏನು ಮಾಡಿದ್ದೆವು, ಈಗ ಏನು ಮಾಡಬೇಕೆಂದು ನನಗೆ ಅನ್ನಿಸುತ್ತದೆ. ಐದನೇ ಸಾಲು ಬರೆಯಲು ಧೈರ್ಯ ಬೇಕು. ಅದನ್ನು ಹೊಸಬರು ಕಾಲೇಜಿನಿಂದ ತಂದಿರುತ್ತಾರೆ. ನಮ್ಮ ಕೆಲಸ ಅದನ್ನು ಕಿತ್ತುಕೊಳ್ಳದಿರುವುದು ಮಾತ್ರ.

ಪತ್ರ ಬರೆಯುವುದಕ್ಕೆ ನನ್ನ ಬಳಿ ಒಂದು ಪರೀಕ್ಷೆ ಇದೆ. ಅರ್ಜಿದಾರರಿಗೆ ಕಳಿಸುವ ಪತ್ರವನ್ನು ಹೊಸಬರು ಕೌಂಟರಿನಲ್ಲಿ ನಿಂತ ಯಾರಾದರೂ ಹಿರಿಯರಿಗೆ ಓದಿ ಹೇಳಬೇಕು. ಒಮ್ಮೆ ನಮ್ಮ ಹುಡುಗಿಯೊಬ್ಬಳು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದನ್ವಯ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಓದಿ ಉಸಿರು ತೆಗೆದುಕೊಳ್ಳಲು ನಿಂತಳು. ಎದುರಿಗಿದ್ದ ರೈತರು, "ಯಾರು ಸತ್ತರು ತಾಯಿ?" ಎಂದರು. ಪತ್ರವನ್ನು ಅವಳು ಮತ್ತೆ ಬರೆದಳು: "ನಿಮ್ಮ ಅರ್ಜಿಯ ಜತೆ ಪಹಣಿ ಇಲ್ಲ. ಕೊಟ್ಟರೆ ಕೆಲಸ ಮುಂದುವರಿಸುತ್ತೇವೆ." ಸಾಹೇಬರು ಅದನ್ನು ನೋಡಿ "ಇಷ್ಟೇನಾ?" ಅಂದರು. ಇಷ್ಟೇ.

ತಾಂತ್ರಿಕ ಸೂಚನೆ: ಹಳೆಯ ಕಂಪ್ಯೂಟರಿನಲ್ಲಿ ನುಡಿ 01 ಇ ಫಾಂಟಿನಲ್ಲಿ ಟೈಪಿಸಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಮೈಮೇಲೆ ದೇವರು ಬಂದ ಹಾಗೆ ಕಾಣುತ್ತದೆ. ಹೊಸಬರು ವೈರಸ್ ಎಂದು ಹೆದರಿ ಅಳಿಸಿಹಾಕುತ್ತಾರೆ. ಯುನಿಕೋಡಿಗೆ ಬದಲಿಸುವ ವಿಧಾನವನ್ನು ಮೊದಲ ವಾರವೇ ತೋರಿಸಿಕೊಡಿ. ತೋರಿಸಲು ನಿಮಗೆ ಬಾರದಿದ್ದರೆ ಅವರನ್ನೇ ಕೇಳಿ. ಒಂದು ಗಂಟೆಯಲ್ಲಿ ಅವರೇ ಕಂಡುಹಿಡಿದು ನಿಮಗೆ ಕಲಿಸುತ್ತಾರೆ. ತರಬೇತಿ ಯೋಜನೆಯಲ್ಲಿ ಇದನ್ನು "ಪರಸ್ಪರ ಕಲಿಕೆ" ಎಂದು ನಮೂದಿಸಬಹುದು.

ಹಂತ 3: ಮೊದಲ ತಿಂಗಳು, ನಿಯಮ

ರೂಢಿಯ ವಿಧಾನ: 1957ರ ಸಿಸಿಎ ನಿಯಮ, 1958ರ ಕೆಸಿಎಸ್‌ಆರ್, 2005ರ ಮಾಹಿತಿ ಹಕ್ಕು ಕಾಯ್ದೆ, 2011ರ ಸಕಾಲ ಕಾಯ್ದೆ, 2021ರ ನಡತೆ ನಿಯಮ, ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಪೇರಿಸಿ, "ಓದಿಕೊಳ್ಳಿ, ಉಪಯೋಗಕ್ಕೆ ಬರುತ್ತೆ" ಎನ್ನಿ. ತಕ್ಷಣ ಉಪಯೋಗಕ್ಕೆ ಬರುತ್ತದೆ: ಕುರ್ಚಿಯ ನಾಲ್ಕನೇ ಕಾಲಿನ ಕೆಳಗೆ.

ಇನ್ನೊಂದು ವಿಧಾನವಿದೆ. ಅದರಲ್ಲಿ ಪುಸ್ತಕ ಆಮೇಲೆ, ಅರ್ಜಿ ಮೊದಲು. ಕೌಂಟರಿಗೆ ಬಂದ ಒಂದು ಸಕಾಲ ಅರ್ಜಿ ಕೈಗೆ ಕೊಡಿ. ಅದಕ್ಕೆ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಇಂತಿಷ್ಟು ಕೆಲಸದ ದಿನ ಎಂಬ ಗಡುವು ಇರುತ್ತದೆ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರಿಗೆ ಪರಿಹಾರ ಕೊಡಬೇಕು. ಲೆಕ್ಕ ಹಾಕಲು ಹೇಳಿ. ಇಪ್ಪತ್ತೈದು ದಿನಕ್ಕೆ 500 ಮುಟ್ಟುತ್ತದೆ ಎನ್ನುತ್ತಾರೆ. "ಹಾಗಾದರೆ ಇಪ್ಪತ್ತಾರನೇ ದಿನದಿಂದ?" ಎಂದು ಕೇಳುವವರು ಸಿಕ್ಕರೆ ಅವರು ಮುಂದೆ ಒಳ್ಳೆಯ ಅಧೀಕ್ಷಕರಾಗುತ್ತಾರೆ. ಉತ್ತರವನ್ನೂ ತಾವೇ ಹೇಳುವವರಾದರೆ ಅವರ ಮೇಲೆ ಒಂದು ಕಣ್ಣಿಡಿ.

ಕೆಸಿಎಸ್‌ಆರ್ ಕಲಿಸಲು ಅವರದೇ ಸೇವಾ ಪುಸ್ತಕಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಮೊದಲ ಪುಟವನ್ನು ಅವರ ಕೈಯಲ್ಲೇ ಬರೆಸಿ. ಜನ್ಮ ದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವಾಗ ಕೈ ಗಟ್ಟಿಯಾಗಿರಲಿ, ಮೂವತ್ತು ವರ್ಷದ ನಂತರ ಪಿಂಚಣಿ ನಿಲ್ಲುವುದು ಈ ಸಾಲಿನ ಮೇಲೆ. ವೇತನ ಶ್ರೇಣಿ, ವಾರ್ಷಿಕ ಬಡ್ತಿಯ ದಿನಾಂಕ, ಜನವರಿ ಒಂದಕ್ಕೆ ಹದಿನೈದು ಮತ್ತು ಜುಲೈ ಒಂದಕ್ಕೆ ಹದಿನೈದು ಗಳಿಕೆ ರಜೆ ಜಮಾ ಆಗುವ ಬಗೆ, ಕೆಜಿಐಡಿ ವಿಮೆಯ ಅರ್ಜಿ, 1-4-2006ರಿಂದ ಈಚೆಗೆ ಸೇರಿದವರ ಎನ್‌ಪಿಎಸ್ ಖಾತೆ, ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಹೆಸರು ಏರಿಸುವುದು, ಎಲ್ಲವನ್ನೂ ಅವರೇ ಓಡಾಡಿ ಮಾಡಲಿ. ಇದೆಲ್ಲ ಆಗುವ ತನಕ ಮೊದಲ ಸಂಬಳ ಬರುವುದಿಲ್ಲವಾದ್ದರಿಂದ ಕಲಿಯುವ ಉತ್ಸಾಹಕ್ಕೆ ಕೊರತೆಯಿರುವುದಿಲ್ಲ. ತನ್ನ ಸಂಬಳಕ್ಕಾಗಿ ನಾಲ್ಕು ಮೇಜು ಅಲೆದವರು ಎದುರಿಗೆ ಬಂದ ಅರ್ಜಿದಾರರಿಗೆ "ನಾಳೆ ಬನ್ನಿ" ಎನ್ನುವ ಮೊದಲು ಅರೆಗಳಿಗೆ ತಡೆಯುತ್ತಾರೆ. ಆ ಅರೆಗಳಿಗೆಗೆ ಯಾವ ನಿಯಮ ಪುಸ್ತಕದಲ್ಲೂ ಸಂಖ್ಯೆಯಿಲ್ಲ.

ಸಂಜೆ ಓದುವುದಕ್ಕೆ ಏನಾದರೂ ಕೇಳಿದರೆ ನವರತ್ನ ರಾಮರಾಯರ "ಕೆಲವು ನೆನಪುಗಳು" ಕೊಡಿ. ಹಳೆಯ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರಿಕೆ ಮಾಡಿದವರ ಪುಸ್ತಕ. ಅಧಿಕಾರವಿರುವುದು ಮೇಜಿನ ಈಚೆಗೋ ಆಚೆಗೋ ಎಂಬ ಅನುಮಾನ ಹುಟ್ಟಿದರೆ ಪುಸ್ತಕ ಕೆಲಸ ಮಾಡಿತೆಂದು ತಿಳಿಯಿರಿ.

ಹಂತ 4: ಹೊರಗಿನ ತರಬೇತಿ

ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ ಇದೆ, ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಕೇಂದ್ರದ 2012ರ ರಾಷ್ಟ್ರೀಯ ತರಬೇತಿ ನೀತಿ ಇಲಾಖೆಗಳು ಸಂಬಳದ ಬಾಬ್ತಿನಲ್ಲಿ ಕನಿಷ್ಠ ಶೇ 2.5ರಷ್ಟನ್ನು ತರಬೇತಿಗೆ ಎತ್ತಿಡಬೇಕೆಂದು ಹೇಳುತ್ತದೆ. ಕಲಿಸುವವರಿದ್ದಾರೆ, ಊಟ ವಸತಿಯೂ ಇದೆ. ಉಳಿದಿರುವುದು ಒಂದೇ ಪ್ರಶ್ನೆ: ಯಾರನ್ನು ಕಳಿಸುವುದು?

ರೂಢಿಯ ಸೂತ್ರ ಸರಳ. ಯಾರು ಇಲ್ಲದಿದ್ದರೂ ಕಚೇರಿ ನಡೆಯುತ್ತದೋ ಅವರನ್ನು ಕಳಿಸಿ. ಹೀಗಾಗಿ ಕೆಲಸ ಮಾಡುವವರಿಗೆ ತರಬೇತಿ ಸಿಗುವುದಿಲ್ಲ, ತರಬೇತಿ ಪಡೆದವರಿಗೆ ಕೆಲಸ ಸಿಗುವುದಿಲ್ಲ. ಎಂಟು ವಿಷಯದಲ್ಲಿ ಪ್ರಮಾಣಪತ್ರ ಪಡೆದು, ಎಂಟನ್ನೂ ಲ್ಯಾಮಿನೇಷನ್ ಮಾಡಿಸಿ, ಟಪಾಲು ವಿಭಾಗದಲ್ಲಿ ಅಂಚೆಚೀಟಿ ಅಂಟಿಸುತ್ತಿದ್ದವರೊಬ್ಬರನ್ನು ನಾನು ಬಲ್ಲೆ. ಹಿಂತಿರುಗಿದವರನ್ನು "ಏನು ಕಲಿತಿರಿ?" ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. "ಊಟ ಹೇಗಿತ್ತು?" ಎಂದು ಕೇಳುತ್ತೇವೆ. ಚೆನ್ನಾಗಿತ್ತಂತೆ.

ಹಂತ 5: ಮೌಲ್ಯಮಾಪನ

1977ರ ನಿಯಮಗಳ ಪ್ರಕಾರ ಖಾಯಂಪೂರ್ವ ಸೇವಾವಧಿ ಕನಿಷ್ಠ ಎರಡು ವರ್ಷ. ಅಷ್ಟರಲ್ಲಿ ಹೊಸಬರು ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಿಕೊಳ್ಳಬೇಕು. ಅಕೌಂಟ್ಸ್ ಹೈಯರ್ ಯಾವಾಗ, ಜನರಲ್ ಲಾ ಯಾವಾಗ ಎಂದು ಅವರು ದಿನ ಎಣಿಸುತ್ತಾರೆ. ಎರಡು ವರ್ಷ ಮುಗಿದ ಮೇಲೆ "ಸೇವೆ ತೃಪ್ತಿಕರವಾಗಿದೆ" ಎಂದು ನೀವು ಬರೆದು ಕಳಿಸಬೇಕು. ಯಾರಿಗೆ ತೃಪ್ತಿ, ಯಾವುದರಿಂದ ತೃಪ್ತಿ ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ. ಎರಡು ವರ್ಷವೂ ಅವರು ನಿಮ್ಮಿಂದ ನಾಲ್ಕು ಮೊಳ ದೂರದಲ್ಲೇ ಕೂತಿದ್ದರೂ ಬರೆಯುವ ದಿನ ಅವರ ಅಕ್ಷರ ಹೇಗಿದೆ ಎಂಬುದು ನಿಮಗೆ ನೆನಪಾಗುವುದಿಲ್ಲ. ಮೌಲ್ಯಮಾಪನ ಆಗಿರುವುದು ಯಾರದೆಂದು ಆಗ ಗೊತ್ತಾಗುತ್ತದೆ.

ದೋಷ ಮತ್ತು ಪರಿಹಾರ

ದೋಷ: ಹೊಸಬರು ಫೈಲುಗಳನ್ನು ಬಂದ ದಿನವೇ ಮುಗಿಸುತ್ತಾರೆ.
ಪರಿಹಾರ: ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ ಎಂದು ಪಕ್ಕದ ಮೇಜಿನವರು ನಗುತ್ತಾರೆ. ನಗಲಿ. ಗೋಣಿ ಶುಭ್ರವಾಯಿತೋ ಇಲ್ಲವೋ ಎಂದು ನೀವು ನೋಡಿ. ಆಮೇಲೆ ಎಲ್ಲರ ಗೋಣಿಗಳನ್ನೂ ಅವರ ತಲೆಗೇ ಹೊರಿಸಬೇಡಿ. ಚುರುಕಾದವರನ್ನು ಸೋಮಾರಿಗಳನ್ನಾಗಿ ಮಾಡಲು ಅದಕ್ಕಿಂತ ಹತ್ತಿರದ ದಾರಿ ಇನ್ನೂ ಸಿಕ್ಕಿಲ್ಲ.

ದೋಷ: ವಿಪರೀತ ಪ್ರಶ್ನೆ ಕೇಳುತ್ತಾರೆ.
ಪರಿಹಾರ: ಏನೂ ಮಾಡಬೇಕಿಲ್ಲ. "ಮೊದಲಿಂದ ಹೀಗೇ ನಡೆದುಕೊಂಡು ಬಂದಿದೆ" ಎಂದು ಮೂರು ಸಲ ಹೇಳಿದರೆ ತಾನಾಗಿ ನಿಲ್ಲುತ್ತದೆ. ಒಮ್ಮೆ ನಿಂತರೆ ಮತ್ತೆ ಶುರು ಮಾಡುವ ಗುಂಡಿ ಈ ಯಂತ್ರಕ್ಕಿಲ್ಲ.

ದೋಷ: ತಪ್ಪು ಮಾಡಿದರು.
ಪರಿಹಾರ: ಕಾರಣ ಕೇಳಿ ನೋಟಿಸ್ ಕೊಡುವ ಆಸೆ ಬರುತ್ತದೆ. ನೋಟಿಸ್ ಟೈಪು ಮಾಡಿಸಲು ಅರ್ಧ ದಿನ, ಸಮಜಾಯಿಷಿಗೆ ಏಳು ದಿನ, ಅದನ್ನು ಓದಲು ಒಂದು ತಿಂಗಳು. ಕರೆದು ಕೂರಿಸಿ ತೋರಿಸಲು ಐದು ನಿಮಿಷ. ನೋಟಿಸ್ ಪಡೆದವರು ಮುಂದೆ ತಪ್ಪು ಮಾಡುವುದಿಲ್ಲ ನಿಜ, ಏನನ್ನೂ ಮಾಡುವುದಿಲ್ಲ.

ದೋಷ: ಡ್ರಾಯರಿನಲ್ಲಿ ಮುಂದಿನ ಪರೀಕ್ಷೆಯ ಪುಸ್ತಕ ಇಟ್ಟುಕೊಂಡು ಓದುತ್ತಾರೆ.
ಪರಿಹಾರ: ಪರಿಹಾರವಿಲ್ಲ, ಬೇಕಾಗಿಯೂ ಇಲ್ಲ. ಕೆಎಎಸ್ ಪಾಸಾಗಿ ನಾಳೆ ನಿಮ್ಮ ಸಾಹೇಬರಾಗಿಯೇ ಬರಬಹುದು. ಕುರ್ಚಿ ಕೊಟ್ಟಿದ್ದಿರೋ ಸ್ಟೂಲು ಕೊಟ್ಟಿದ್ದಿರೋ ಎಂಬುದನ್ನು ಅವರು ಮರೆತಿರುವುದಿಲ್ಲ.

ಬಳಕೆದಾರರ ಅನುಭವ

ನನ್ನ ಸೇವೆಯ ಆರಂಭದ ವರ್ಷಗಳ ಮಾತು. ಪಿಂಚಣಿ ವಿಷಯ ನೋಡುತ್ತಿದ್ದ ಹಿರಿಯರು ತಿಂಗಳ ಕೊನೆಯ ದಿನ ನಿವೃತ್ತರಾದರು. ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಬೆಳ್ಳಿಯ ಗಣಪತಿ, "ಅವರು ನಡೆದಾಡುವ ವಿಶ್ವಕೋಶ" ಎಂಬ ಭಾಷಣ ಎಲ್ಲ ಆಯಿತು. ಸಂಜೆ ವಿಶ್ವಕೋಶ ಆಟೋ ಹತ್ತಿ ಮನೆಗೆ ನಡೆಯಿತು. ಮರುದಿನ ಆ ಮೇಜಿಗೆ ನನ್ನನ್ನು ಕೂರಿಸಿದರು. ಪ್ರಭಾರ ಪಟ್ಟಿಯಲ್ಲಿದ್ದದ್ದು ಒಂದೇ ಸಾಲು: "ಕಡತಗಳು: 214."

ಮುಂದಿನ ವಾರ ಒಬ್ಬ ಹೆಂಗಸು ಬಂದರು. ಗಂಡ ತೀರಿಕೊಂಡಿದ್ದರು, ಕುಟುಂಬ ಪಿಂಚಣಿ ಆಗಬೇಕಿತ್ತು. 214 ಕಡತಗಳನ್ನು ಎರಡು ಸಲ ತೆಗೆದು ನೋಡಿದೆ, ಅವರದು ಇರಲಿಲ್ಲ. "ಪರಿಶೀಲನೆಯಲ್ಲಿದೆ" ಎಂದೆ. ಅವರು ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನಾಲ್ಕು ತಿಂಗಳು ಬಂದರು. ನಾನು ಪ್ರತಿ ಸಲ ಪರಿಶೀಲಿಸಿದೆ.

ಕೊನೆಗೊಂದು ದಿನ ಅಟೆಂಡರ್ ಟೀ ಲೋಟ ಎತ್ತುತ್ತ, "ಹಸಿರು ಬಟ್ಟೆ ಗಂಟು ನೋಡಿದ್ರಾ ಸಾರ್?" ಎಂದ. "ನಡುವೆ ನಿಂತಿರೋ ಪೆನ್ಷನ್ ಫೈಲನ್ನ ಅವರು ಅದರಲ್ಲೇ ಕಟ್ಟಿ ಇಡೋರು. ಮೇಲೆ 'ವಿವಿಧ' ಅಂತ ಬರೆದಿರ್ತಾರೆ."

ಐದು ನಿಮಿಷದಲ್ಲಿ ಫೈಲು ಸಿಕ್ಕಿತು. ಬೇಕಾಗಿದ್ದದ್ದು ಒಂದು ಸಹಿ.

"ಮೊದಲೇ ಯಾಕೆ ಹೇಳಲಿಲ್ಲಪ್ಪಾ?"

"ನೀವು ಕೇಳಲಿಲ್ಲ ಸಾರ್."

ಆದೇಶದ ಪ್ರತಿ ಕೈಗಿಟ್ಟಾಗ ಆ ಹೆಂಗಸು ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಕಾಗದವನ್ನು ಮಡಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, "ಇನ್ನು ಬರೋದು ಬೇಡ್ವಾ ಸಾರ್?" ಎಂದು ಮಾತ್ರ ಕೇಳಿದರು.

ಹಿರಿಯರು ಕೆಟ್ಟವರಾಗಿರಲಿಲ್ಲ. ಗಂಟು ಕಟ್ಟುವ ಬಗೆ ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು, ಅದನ್ನು ಹೇಳಿಕೊಡಬೇಕೆಂದು ಹೊಳೆದಿರಲಿಲ್ಲ. ಬರೆದಿಡಿ ಎಂದು ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ಅವತ್ತಿನಿಂದ ನನಗೆ ಒಂದು ಮಾತು ಖಚಿತವಾಗಿದೆ. ಹೊಸಬರಿಗೆ ಗೊತ್ತಿಲ್ಲದ್ದನ್ನು ಪಟ್ಟಿ ಮಾಡಿದರೆ ತರಬೇತಿ ಯೋಜನೆ ಆಗುವುದಿಲ್ಲ. ಹಳಬರ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿದರೆ ಆಗುತ್ತದೆ.

ಸಲ್ಲಿಸುವ ವಿಧಾನ

ನಾಲ್ಕು ಐವತ್ತಕ್ಕೆ ಅನುಬಂಧ-1 ವಾಟ್ಸಾಪಿಗೆ ಬರುತ್ತದೆ. ಕಾಲಂಗಳು: ಕ್ರಮ ಸಂಖ್ಯೆ, ತರಬೇತಿ ಪಡೆಯುವವರ ಹೆಸರು, ವಿಷಯ, ಅವಧಿ, ಷರಾ. ಮೂವತ್ತೆರಡು ವರ್ಷದಲ್ಲಿ ನಾನು ಇಂಥ ಹಲವು ನಮೂನೆ ತುಂಬಿದ್ದೇನೆ. "ಕಲಿಸುವವರು ಯಾರು" ಎಂಬ ಕಾಲಂ ಒಂದರಲ್ಲೂ ನೋಡಿಲ್ಲ. ಸ್ಕೇಲಿಟ್ಟು ಒಂದು ಗೆರೆ ಎಳೆಯಿರಿ, ಆ ಕಾಲಂ ನೀವೇ ಸೇರಿಸಿ, ನಂತರ ಹೀಗೆ ತುಂಬಿ.

ಮೊದಲ ದಿನ: ಕುರ್ಚಿ, ಕೀಲಿ, ಪ್ರತಿ ಮೇಜಿನವರ ಪರಿಚಯ. ಕಲಿಸುವವರು: ಅಧೀಕ್ಷಕರು, ಖುದ್ದಾಗಿ.

ಮೊದಲ ವಾರ: ಟಪಾಲು ಮೇಜು. ಯಾರಿಂದ ಏನೇನು ಬರುತ್ತದೆ, ಯಾವ ಮೇಜಿಗೆ ಹೋಗುತ್ತದೆ, ಫೈಲು ಹೇಗೆ ಕಟ್ಟುವುದು. ಕಲಿಸುವವರು: ಅಟೆಂಡರ್. ಹೆಸರು ಬರೆಯಿರಿ, "ಡಿ ಗ್ರೂಪ್ ಸಿಬ್ಬಂದಿ" ಎಂದು ಬರೆಯಬೇಡಿ.

ಎರಡನೇ ವಾರ: ಮುಗಿದ ಮೂರು ಫೈಲುಗಳನ್ನು ಮೊದಲ ಪುಟದಿಂದ ಕೊನೆಯ ತನಕ ಓದುವುದು. ಒಂದು ಸರಾಗವಾಗಿ ಮುಗಿದದ್ದು, ಒಂದು ಕೋರ್ಟಿಗೆ ಹೋದದ್ದು, ಒಂದು ಆಡಿಟ್ ಆಕ್ಷೇಪಣೆಗೆ ಸಿಕ್ಕಿದ್ದು. ಕಲಿಸುವವರು: ಆ ಫೈಲು ನಡೆಸಿದ ವಿಷಯ ನಿರ್ವಾಹಕರು.

ಮೂರನೇ ವಾರ: ಕೌಂಟರು. ಕಲಿಸುವವರು: ಅರ್ಜಿದಾರರು.

ನಾಲ್ಕನೇ ವಾರ: ಒಂದು ಫೈಲು, ಆರಂಭದಿಂದ ಅಂತ್ಯದ ತನಕ ಅವರದೇ. ಐದನೇ ಸಾಲೂ ಅವರದೇ. ತಿದ್ದುವವರು ಪಕ್ಕದಲ್ಲಿ ಕೂತು ತಿದ್ದಬೇಕು.

ಎರಡನೇ ತಿಂಗಳಿಂದ: ಸ್ವಂತ ಸೇವಾ ಪುಸ್ತಕದಲ್ಲಿ ಬಾಕಿ ಉಳಿದದ್ದು, ಇಲಾಖಾ ಪರೀಕ್ಷೆಗೆ ಓದಲು ವಾರಕ್ಕೆರಡು ಗಂಟೆ, ಜಿಲ್ಲಾ ತರಬೇತಿ ಸಂಸ್ಥೆಗೆ ಕಳಿಸುವುದು. ಬಂದ ಮೇಲೆ ಕಲಿತದ್ದನ್ನು ಉಳಿದವರಿಗೆ ಹೇಳುವುದು. ಊಟದ ವಿಷಯ ಕೊನೆಗೆ.

ಐದು ಗಂಟೆಗೆ ಎರಡು ನಿಮಿಷವಿರುವಾಗ ಕಳಿಸಿ. ಕಾಲಂ ಹೆಚ್ಚಾಗಿದೆ ಎಂದು ವಾಪಸ್ ಬರಬಹುದು. ಬಂದರೆ ಗೆರೆ ಅಳಿಸಿ ಕಳಿಸಿ, ಕಚೇರಿಯಲ್ಲಿ ಉಳಿದ ಪ್ರತಿಯಲ್ಲಿ ಮಾತ್ರ ಗೆರೆ ಇರಲಿ.

ಖಾತರಿ

ಈ ಕೈಪಿಡಿಗೆ ಖಾತರಿ ಇಲ್ಲ. ಇದನ್ನು ಬರೆದವನು ಈ ತಿಂಗಳ 31ರಂದು ಅಪರಾಹ್ನ ನಿವೃತ್ತನಾಗುತ್ತಿದ್ದಾನೆ. ಭಾಷಣ ಮಾಡುವವರಲ್ಲಿ ಒಂದು ವಿನಂತಿ, ವಿಶ್ವಕೋಶ ಎನ್ನಬೇಡಿ. ನನ್ನ ಮೇಜಿಗೆ ಬರುವವರಿಗೆ ನಾಲ್ಕು ಪುಟ ಬರೆದಿಟ್ಟಿದ್ದೇನೆ: ಯಾವ ಫೈಲು ಎಲ್ಲಿದೆ, ಯಾವುದು ಏಕೆ ನಿಂತಿದೆ, ಯಾರಿಗೆ ಫೋನ್ ಮಾಡಿದರೆ ನಡೆಯುತ್ತದೆ, ಯಾವ ತಪ್ಪನ್ನು ನಾನು ಮಾಡಿದ್ದೇನೆ. ಹಸಿರು ಗಂಟಿನ ಮೇಲೆ ಈಗ "ವಿವಿಧ" ಎಂದಿಲ್ಲ, ಒಳಗಿರುವ ಹನ್ನೊಂದು ಹೆಸರುಗಳಿವೆ. ನಿಮ್ಮ ನಿವೃತ್ತಿ ಎಷ್ಟೇ ದೂರವಿರಲಿ, ನೀವೂ ನಾಲ್ಕು ಪುಟ ಇವತ್ತೇ ಬರೆದಿಡಿ.

ಬೀರುವಿನ ಕೀಲಿ ಕ್ಯಾಲೆಂಡರಿನ ಹಿಂದಿನ ಮೊಳೆಗೆ ತೂಗುಹಾಕಿದೆ.